ಹುಬ್ಬಳ್ಳಿಯಲ್ಲಿ 200 ವರ್ಷದ ಇರಾನಿ ಗಾಲೀಚಾ ಅಂತೆ, ಮೂರೂವರೆ ಲಕ್ಷ ಹೇಳ್ತಿದ್ದಾರೆ. ತಗೊಳ್ಳಲೇ?

ಮಾಳಮಡ್ಡಿ ಮನೆ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಪಡಸಾಲೆಗೆ ಶಹಾಬಾದ್ ಕಲ್ಲು. ಆಷಾಢದಲ್ಲಿ ಬರಿಗಾಲು ಇಟ್ಟರೆ ಮೊಣಕಾಲಿನ ತನಕ ಥಂಡಿ ಏರುತ್ತದೆ. ನಿವೃತ್ತಿಯಾದ ಮೇಲೆ ಅಲ್ಲಿ ಒಂದು ಒಳ್ಳೆ ಗಾಲೀಚಾ ಹಾಸಬೇಕು ಎಂದು ಬಹಳ ದಿನದ ಆಸೆ. ಮನೆಯಾಕೆ ‘ಜಮಖಾನೆ ಇದೆಯಲ್ಲ’ ಎನ್ನುತ್ತಾಳೆ. ಇದೆ, ನಿಜ.

ಹೋದ ವಾರ ಹುಬ್ಬಳ್ಳಿಯಲ್ಲಿ ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ ಒಂದು ನೋಡಿದೆ. 9 ಅಡಿ ಉದ್ದ, 6 ಅಡಿ ಅಗಲ. ಕೆಂಪು ಮೈ, ನಡುವೆ ದೊಡ್ಡ ಪದಕದಂಥ ಚಿತ್ತಾರ, ಸುತ್ತ ಕಡುನೀಲಿ ಅಂಚು. ‘ಇರಾನಿನ ಕಾಶಾನ್ ಊರಿಂದು, ಒಂದು ವಾಡೆಯಿಂದ ಬಂತು, 200 ವರ್ಷ ದಾಟಿದೆ’ ಎಂದರು. ಮೂಲೆಯಲ್ಲಿ ಫಾರ್ಸಿ ಅಂಕಿಯಲ್ಲಿ ಇಸವಿ ನೇಯ್ದಿದ್ದಾರೆ. ಅವರೇ 1228 ಎಂದು ಓದಿ ಹೇಳಿದರು. ಬೆಲೆ ಮೂರೂವರೆ ಲಕ್ಷ. ‘ಅಮೆರಿಕದಲ್ಲಾದರೆ ಇದಕ್ಕೆ 20 ಲಕ್ಷ. ನಾಳೆ ಬೇಡ ಅನಿಸಿದರೆ ಹೊರಗೆ ಮಾರಿಬಿಡಬಹುದು’ ಎಂದೂ ಸೇರಿಸಿದರು.

ಕೈಯಿಟ್ಟರೆ ಬೆಕ್ಕಿನ ಬೆನ್ನು ಸವರಿದ ಹಾಗಿತ್ತು. ಆವತ್ತಿನಿಂದ ನಿದ್ದೆ ಸರಿಯಾಗಿಲ್ಲ. ಮುಂಗಡ ಇನ್ನೂ ಕೊಟ್ಟಿಲ್ಲ. ಇದರ ಬಗ್ಗೆ ಗೊತ್ತಿದ್ದವರು ಯಾರಾದರೂ ಇದ್ದೀರಾ?

ಲೈನ್ ಬಜಾರ್ ಪೇಡೆ

ಮೂರೂವರೆ ಲಕ್ಷ ನೆಲಕ್ಕೆ ಹಾಸಿ ಅದರ ಮೇಲೆ ನಡೆಯೋದಾ ಸರ? ನಾನಾದರೆ ಗೋಡೆಗೆ ತೂಗುಹಾಕಿ ಕೆಳಗೆ ನಿಂತು ಕೈ ಮುಗೀತೀನಿ.

ತಮಾಷೆ ಬಿಡಿ. ವೈನಿ ಹೇಳೋದು ಸರಿ ಇದೆ. ಪಕ್ಕದಲ್ಲೇ ನವಲಗುಂದ ಇದೆ. ಅಲ್ಲಿಯ ಹೆಣ್ಣುಮಕ್ಕಳು ನೇಯುವ ಜಮಖಾನೆಗೆ ಜಿಐ ಟ್ಯಾಗ್ ಇದೆ. ನವಿಲು, ಪಗಡೆ ಹಾಸಿನ ಚಿತ್ತಾರ, ನೋಡೋಕೆ ಕಣ್ಣು ಸಾಲದು. ನೇಯೋರ ಕೈ ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಿವೆ. ದುಡ್ಡು ಅಲ್ಲಿ ಹೋಗಲಿ.

ಮಾಳಮಡ್ಡಿ ಮನೆ

ನವಲಗುಂದದ್ದು ಮನೆಯಲ್ಲಿ ಎರಡಿವೆ. ಒಂದು ನಮ್ಮ ಮದುವೆಯದು, ಇನ್ನೂ ಗಟ್ಟಿ. ಆದರೆ ಅದು ಹತ್ತಿ. ನನಗೆ ಕಾಲಿಗೆ ಉಣ್ಣೆ ಬೇಕು.

ಬೆಟಗೇರಿ ಮಗ್ಗ

ನಮ್ಮದು ಗದಗ-ಬೆಟಗೇರಿ. ಮೂರು ತಲೆಮಾರು ಸೀರೆ ನೇಯ್ದವರು. ಗಾಲೀಚಾ ನಾನು ನೇಯ್ದಿಲ್ಲ. ಆದರೆ ಹಾಸು ಹೊಕ್ಕು ಎಲ್ಲ ಕಡೆ ಒಂದೇ, ಅಲ್ವಾ? ಅದಕ್ಕೆ ಬರೀತಿದ್ದೇನೆ.

ಜಮಖಾನೆಯಲ್ಲಿ ಹೊಕ್ಕಿನ ನೂಲೇ ಚಿತ್ತಾರ ಮಾಡುತ್ತದೆ. ಇದರಲ್ಲಿ ಹಾಗಲ್ಲ. ಹಾಸಿನ ಎರಡೆರಡು ಎಳೆಗೆ ಉಣ್ಣೆಯ ತುಂಡು ಸುತ್ತಿ ಗಂಟು ಹಾಕುತ್ತಾರೆ, ಕತ್ತರಿಸುತ್ತಾರೆ. ಒಂದು ಸಾಲು ಮುಗಿದ ಮೇಲೆ ಹೊಕ್ಕು ಹಾಯಿಸಿ, ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಹೊಕ್ಕು ಹಿಡಿದು ನಿಲ್ಲಿಸೋಕೆ ಮಾತ್ರ. ಚಿತ್ತಾರವೆಲ್ಲ ಗಂಟಿನದು.

ಹಾಗಾಗಿ ಮುಖ ನೋಡಬೇಡಿ. ಮಗುಚಿ ಬೆನ್ನು ನೋಡಿ. ಕೈಗಂಟಿನದಾದರೆ ಮುಂದಿರುವ ಹೂ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ತುದಿಯ ಕುಚ್ಚು ಹಾಸಿನ ಎಳೆಯೇ ಮುಂದುವರಿದದ್ದಾಗಿರಬೇಕು. ಆಮೇಲೆ ತಂದು ಹೊಲಿದ ಕುಚ್ಚಾದರೆ ಸಂಶಯ ಪಡಿ. ಒಂದು ಇಂಚು ಉದ್ದ, ಒಂದು ಇಂಚು ಅಗಲ ಗುರುತು ಮಾಡಿ ಗಂಟು ಎಣಿಸಿ. ಒಂದೇ ಕಡೆ ಅಲ್ಲ, ನಾಲ್ಕು ಕಡೆ ಎಣಿಸಿ.

ವಿದ್ಯಾನಗರ ಎರಡನೇ ಕ್ರಾಸ್

ಕಾಕಾ ಹೇಳಿದ್ದನ್ನು ನನಗೆ ಯಾರಾದರೂ ನಾಲ್ಕು ವರ್ಷದ ಹಿಂದೆ ಹೇಳಬೇಕಿತ್ತು.

ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಮೂರು ದಿನದ ಪ್ರದರ್ಶನ ಮತ್ತು ಮಾರಾಟ ಇತ್ತು. ‘ಕೈಯಿಂದ ಮಾಡಿದ ಪರ್ಶಿಯನ್’ ಎಂದು 32,000 ಕೊಟ್ಟು ತಂದೆ. ಹಿಂದೆ ದಪ್ಪ ಬಟ್ಟೆ ಅಂಟಿಸಿದ್ದರು. ‘ಅದು ಬಾಳಿಕೆಗೆ ಮೇಡಂ’ ಎಂದರು. ನಾನೂ ನಂಬಿದೆ. ಎರಡು ಮಳೆಗಾಲ ಕಳೆಯಿತು. ಗುಡಿಸಿದಷ್ಟೂ ಕೆಳಗಿನಿಂದ ಹಳದಿ ಪುಡಿ. ಮಗನಿಗೆ ಸೀನು. ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ಗಂಟು ಅನ್ನೋದೇ ಇಲ್ಲ. ಜಾಳು ಬಟ್ಟೆಗೆ ಗನ್ನಿನಿಂದ ಉಣ್ಣೆ ಚುಚ್ಚಿ, ರಬ್ಬರ್ ಅಂಟು ಬಳಿದಿದ್ದಾರೆ. ಅಂಟು ಒಣಗಿ ಪುಡಿಯಾಗಿದೆ. ಗನ್ ಹಿಡಿದದ್ದು ಕೈಯಲ್ಲೇ ತಾನೇ, ಹಾಗಾಗಿ ‘ಕೈಯಿಂದ ಮಾಡಿದ್ದು’ ಸುಳ್ಳಲ್ಲ!

ಈಗ ಅದು ನಮ್ಮ ನಾಯಿಯದು.

ದೇರಾದಿಂದ ವಾಪಸ್

ದುಬೈನ ದೇರಾದಲ್ಲಿ 14 ವರ್ಷ ಗಾಲೀಚಾ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ಹೊತ್ತದ್ದೇ ಜಾಸ್ತಿ, ಆದರೆ ಹೊರುತ್ತ ಹೊರುತ್ತ ಕಲಿತೆ. ಈಗ ಹಳೇ ಹುಬ್ಬಳ್ಳಿಯಲ್ಲಿದ್ದೇನೆ.

ಮೊದಲು ಇಸವಿ. ಅದು ಹಿಜರಿ, ಅಂದರೆ ಮುಸ್ಲಿಮರ ಪಂಚಾಂಗದ ಲೆಕ್ಕ. ಚಂದ್ರನ ವರ್ಷ ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಅಂಕಿಯನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಕಳೆದು, 622 ಕೂಡಿಸಬೇಕು. 1228ಕ್ಕೆ 37 ಕಳೆದರೆ 1191. 622 ಕೂಡಿಸಿದರೆ 1813. ನಿಮ್ಮ ವ್ಯಾಪಾರಿಯ ಲೆಕ್ಕ ಇಲ್ಲಿಯ ತನಕ ಸರಿ.

ತೊಡಕು ಊರಿನದು. ಕಾಶಾನ್ ಸಫವಿ ಬಾದಶಾಹರ ಕಾಲದಲ್ಲಿ ಗಾಲೀಚಾಕ್ಕೆ ಹೆಸರುವಾಸಿ. 1722ರಲ್ಲಿ ಅಫ್ಘನ್ನರು ಅವರ ರಾಜಧಾನಿ ಇಸ್ಫಹಾನ್ ಹಿಡಿದ ಮೇಲೆ ದರಬಾರಿನ ಆಶ್ರಯ ಹೋಯಿತು. ದೊಡ್ಡ ಊರುಗಳ ನೇಯ್ಗೆ ಬಹಳ ಕಾಲ ಮಂಕಾಯಿತು. ಕಾಶಾನ್ ಮತ್ತೆ ಎದ್ದದ್ದು 19ನೇ ಶತಮಾನದ ಕೊನೆಗೆ. ತಬ್ರೀಜ್ ವ್ಯಾಪಾರಿಗಳು, ಯುರೋಪಿನ ಕಂಪನಿಗಳು ದುಡ್ಡು ಹಾಕಿದ್ದು ಆಗಲೇ. ಆ ಹೊಸ ಕಾಲದ ಕಾಶಾನ್‌ಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನೂತ ಮೆರಿನೋ ಉಣ್ಣೆ ಬರುತ್ತಿತ್ತು. ಈವತ್ತು ಪೇಟೆಯಲ್ಲಿ ಸಿಗುವ ‘ಆಂಟಿಕ್’ ಇರಾನಿ ಮಾಲು ಬಹುಪಾಲು 1880ರ ಆಚೀಚೆಯಿಂದ 1925ರ ವರೆಗಿನದು. 1813ರ ಕಾಶಾನ್ ಹುಬ್ಬಳ್ಳಿಯಲ್ಲಿ ಮೂರೂವರೆ ಲಕ್ಷಕ್ಕೆ ಸಿಕ್ಕರೆ ನಾನೇ ಸಾಲ ಮಾಡಿ ತಗೊಳ್ತೀನಿ.

ಇನ್ನು ಅಮೆರಿಕದ ಮಾತು. 2018ರ ಆಗಸ್ಟ್‌ನಲ್ಲಿ ಅಮೆರಿಕ ಇರಾನಿನ ಮೇಲೆ ನಿರ್ಬಂಧ ಮತ್ತೆ ಹಾಕಿತು. ಇರಾನಿನ ಗಾಲೀಚಾ ಆಮದು ಅದರಲ್ಲಿ ಬಂದ್ ಆಯಿತು. ನಿಮ್ಮದನ್ನು ಅಲ್ಲಿ ಮಾರುವುದು ಅಷ್ಟು ಸಲೀಸಲ್ಲ.

ಕರಿ ಕೋಟು, ಹಾವೇರಿ

ಇದಕ್ಕೆ ನನ್ನದೂ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ಕಳೆದ ಕರಕುಶಲ ವಸ್ತುವೂ ‘ಪುರಾತನ ವಸ್ತು’ ಆಗುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅದರ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು.

ಅಂದರೆ 200 ವರ್ಷದ್ದು ಎನ್ನುವುದಾದರೆ ಹೊರಗೆ ಮಾರುವಂತಿಲ್ಲ. ಹೊರಗೆ ಮಾರಬಹುದು ಎನ್ನುವುದಾದರೆ 200 ವರ್ಷದ್ದಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರಿಗೆ ‘ಬಿಲ್ಲಿನಲ್ಲಿ ಊರು, ಅಂದಾಜು ವಯಸ್ಸು, ಕೈಗಂಟು ಎಂದು ಬರೆದು ಸಹಿ ಮಾಡಿ ಕೊಡಿ’ ಎನ್ನಿ. ಮುಖ ನೋಡಿ.

ಬಣ್ಣದ ಪಾತ್ರೆ

ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜವಳಿ ಓದಿದವಳು. ಬಣ್ಣದ ಬಗ್ಗೆ ಸ್ವಲ್ಪ ಹೇಳ್ತೀನಿ.

ಹಳೆಯ ಇರಾನಿ ಕೆಂಪು ಅಂದರೆ ಮಂಜಿಷ್ಠದ ಜಾತಿಯ ಬೇರು. ನಮ್ಮ ಆಯುರ್ವೇದ ಅಂಗಡಿಯಲ್ಲಿ ಸಿಗುವ ಮಂಜಿಷ್ಠಕ್ಕೆ ಅದು ದಾಯಾದಿ. ನೀಲಿಗೆ ನೀಲಿ ಗಿಡ. ಹಳದಿಗೆ ಕೆಲವು ಕಾಡುಗಿಡ, ದಾಳಿಂಬೆ ಸಿಪ್ಪೆ. ಕಂದಿಗೆ ಅಕ್ರೋಟಿನ ಹಸಿ ಸಿಪ್ಪೆ. ಪಟಿಕ ಹಾಕಿ ಬಣ್ಣ ಕಚ್ಚಿಸುತ್ತಿದ್ದರು. ಕಪ್ಪು, ಕಡುಕಂದಿಗೆ ಕಬ್ಬಿಣದ ಅಂಶ ಸೇರಿಸುತ್ತಿದ್ದರು. ಆ ಕಬ್ಬಿಣ ವರ್ಷ ಕಳೆದಂತೆ ಉಣ್ಣೆಯನ್ನು ತಿನ್ನುತ್ತದೆ. ಅದಕ್ಕೇ ನಿಜವಾದ ಹಳೇ ಗಾಲೀಚಾದಲ್ಲಿ ಕಪ್ಪು ಗೆರೆಗಳು ತಗ್ಗಿ, ಪಕ್ಕದ ಬಣ್ಣಗಳು ಉಬ್ಬಿದಂತೆ ಕಾಣುವುದುಂಟು.

1856ರಲ್ಲಿ ಇಂಗ್ಲೆಂಡಿನಲ್ಲಿ ಪರ್ಕಿನ್ ಎಂಬ ಹುಡುಗ, 18 ವರ್ಷವಷ್ಟೇ, ಮಲೇರಿಯಾ ಔಷಧಿ ಮಾಡಲು ಹೋಗಿ ನೇರಳೆ ರಾಸಾಯನಿಕ ಬಣ್ಣ ಮಾಡಿಬಿಟ್ಟ. ಮುಂದೆ ಅಂಥ ಅಗ್ಗದ ಬಣ್ಣಗಳು ಇರಾನಿಗೂ ಹೋದವು. ಮೊದಮೊದಲಿನವು ಬಿಸಿಲಿಗೆ ಬೇಗ ಸೋಲುತ್ತಿದ್ದವು. ಇದನ್ನು ಹಿಡಿಯುವುದು ಸುಲಭ. ಉಣ್ಣೆಯನ್ನು ಬೆರಳಿನಿಂದ ಬೈತಲೆ ತೆಗೆದ ಹಾಗೆ ಬಿಡಿಸಿ ಬುಡ ನೋಡಿ. ತುದಿ ಬೂದು, ಬುಡದಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಇದ್ದರೆ ರಾಸಾಯನಿಕ. ಗಿಡದ ಬಣ್ಣ ಮಾಸಿದರೂ ತುದಿಯಿಂದ ಬುಡಕ್ಕೆ ಮೆಲ್ಲಗೆ ಗಾಢವಾಗುತ್ತ ಹೋಗುತ್ತದೆ.

ಆಮೇಲೆ ಬಿಳಿ ಅರಿವೆ ಒದ್ದೆ ಮಾಡಿ, ಹಿಂಡಿ, ಕೆಂಪಿನ ಮೇಲೆ ಒಂದು ನಿಮಿಷ ಒತ್ತಿ. ಸವೆದ ಜಾಗಕ್ಕೆ ಶಾಯಿ ಬಳಿದಿದ್ದರೆ ಅರಿವೆಗೆ ಬರುತ್ತದೆ. ಇದು ಬಹಳ ಕಡೆ ನಡೆಯುವ ಕೈಚಳಕ.

ಒಂದೇ ಕೆಂಪಿನಲ್ಲಿ ಅಡ್ಡಡ್ಡ ಪಟ್ಟಿಯಂತೆ ಛಾಯೆ ಬದಲಾದರೆ ಹೆದರಬೇಡಿ. ಪಾತ್ರೆ ಬದಲಾದಾಗ ಬಣ್ಣ ಬದಲಾಗುತ್ತದೆ. ಇರಾನಿನವರು ಅದಕ್ಕೆ ಅಬ್ರಶ್ ಎನ್ನುತ್ತಾರೆ. ನನಗಂತೂ ಅದೇ ಚೆಂದ.

ರಾಣೆಬೆನ್ನೂರು ಕುರಿ

ನಮ್ಮ ಕಡೆ ಮೆಡ್ಲೇರಿ ಕಂಬಳಿ ಹೆಸರುವಾಸಿ. ನಾವು ಕಂಬಳಿಗೆ ಹುಣಸೆಬೀಜದ ಸರಿ ಹಚ್ಚುವವರು, ಗಾಲೀಚಾ ನಮಗೆ ದೂರದ ನೆಂಟ. ಆದರೆ ಉಣ್ಣೆ ಗೊತ್ತು.

ಬದುಕಿದ ಕುರಿಯ ಉಣ್ಣೆಯಲ್ಲಿ ಜಿಡ್ಡು ಇರುತ್ತದೆ. ಅಂಗೈ ಹತ್ತು ಸಲ ಉಜ್ಜಿದರೆ ಕೈಗೆ ನುಣುಪು ಹತ್ತಬೇಕು. ಕಡಿದ ಕುರಿಯ ಚರ್ಮದಿಂದ ಸುಣ್ಣ ಹಾಕಿ ಕಿತ್ತ ಉಣ್ಣೆ ಬೇರೆ. ಅದು ಒಣಹುಲ್ಲಿನ ಹಾಗೆ, ಹೊಳಪಿಲ್ಲ, ಬೇಗ ಮುರಿಯುತ್ತದೆ. ಉದುರಿದ ಒಂದು ಎಳೆ ಸಿಕ್ಕರೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗುಂಡಾದರೆ ಪ್ಲಾಸ್ಟಿಕ್. ಅಂಗಡಿಯೊಳಗೆ ಸುಡಬೇಡಿ ಮತ್ತೆ.

ಲೈನ್ ಬಜಾರ್ ಪೇಡೆ

ಸರ, ಪಟ್ಟಿ, ಟಾರ್ಚು, ಬಿಳಿ ಅರಿವೆ, ಕಡ್ಡಿಪೆಟ್ಟಿಗೆ. ಗಾಲೀಚಾ ಖರೀದಿಗೆ ಹೊರಟಿರೋ, ಪಂಚನಾಮೆಗೋ?

ಮಾಳಮಡ್ಡಿ ಮನೆ

ಪಂಚನಾಮೆ ಮುಗಿಸಿ ಬಂದೆ. ಬೆಟಗೇರಿ ಕಾಕಾ ಪಾಪ ಬಸ್ಸು ಹಿಡಿದು ಬಂದಿದ್ದರು. ಅವರು ಬರದಿದ್ದರೆ ನಾನು ಮತ್ತೆ ಬೆಕ್ಕು ಸವರಿ ಚೆಕ್ ಬರೆದು ಬರುತ್ತಿದ್ದೆ.

ಮಗುಚಿದ ಕೂಡಲೇ ಕಾಕಾ ಮೊದಲು ಮೂಸಿದರು. ಆಮೇಲೆ ಮೂಲೆಯನ್ನು ಮೆಲ್ಲಗೆ ಬಾಗಿಸಿ ಕಿವಿ ಹತ್ತಿರ ಹಿಡಿದರು. ಹತ್ತಿಯ ಹಾಸು ನೀರು ಕುಡಿದು ಕೊಳೆತಿದ್ದರೆ ಬಾಗಿಸಿದಾಗ ಚಟ್ ಚಟ್ ಎನ್ನುತ್ತದಂತೆ. ಸದ್ದಿಲ್ಲ. ಹಾಸು ಗಟ್ಟಿ. ಕುಚ್ಚೂ ಹಾಸಿನದೇ. ಕೈಗಂಟು ಎನ್ನುವುದರಲ್ಲಿ ಸಂಶಯವಿಲ್ಲ.

ಹೂವಿನ ಜಾಗದಲ್ಲಿ ಇಂಚಿಗೆ 11 ಉದ್ದಕ್ಕೆ, 12 ಅಗಲಕ್ಕೆ. ಅಂದರೆ 132. ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 54 ಚದರಡಿಗೆ ಹತ್ತು ಲಕ್ಷ ದಾಟಿದ ಗಂಟು. ಒಬ್ಬರೇ ದಿನಕ್ಕೆ ಎಂಟು ಸಾವಿರ ಹಾಕಿದರೂ ನಾಲ್ಕು ತಿಂಗಳ ಮೇಲೆ. ನಾನು ಬಾಯಿ ತೆರೆದು ನಿಂತೆ. ಆಗ ಕಾಕಾ ಬರೀ ಕೆಂಪು ಇರುವ ಜಾಗಕ್ಕೆ ಪಟ್ಟಿ ಸರಿಸಿದರು. ಅಲ್ಲಿ ಅಗಲಕ್ಕೆ 12 ಇಲ್ಲ, ಆರು! ‘ಹತ್ತು ಲಕ್ಷ ಅಲ್ಲ, ಬಿಡಿ’ ಎಂದರು.

ಬಿಳಿ ಅರಿವೆ ಒತ್ತಲು ಅನುಮತಿ ಕೇಳಿದೆ. ವ್ಯಾಪಾರಿಗೆ ಮನಸ್ಸಿರಲಿಲ್ಲ, ಆದರೂ ‘ಒತ್ರೀ’ ಎಂದರು. ಬಾಗಿಲಿನ ಕಡೆ ಸವೆದ ಜಾಗದಲ್ಲಿ ಅರಿವೆ ಗುಲಾಬಿ ಆಯಿತು. ಬೈತಲೆ ತೆಗೆದು ನೋಡಿದರೆ ಕೆಲವು ಹೂಗಳ ಬುಡ ಬಣ್ಣದ ಪಾತ್ರೆ ಅಕ್ಕ ಹೇಳಿದ ಕಿತ್ತಳೆಯೇ.

ಇನ್ನೊಂದು ವಿಚಿತ್ರ. ಇಸವಿಯ ಎರಡನೇ ಅಂಕಿಯ ಪಕ್ಕದಲ್ಲಿ ನಾಲ್ಕೈದು ಗಂಟು ಮಾತ್ರ ಬೇರೆ ನೀಲಿ. ಬೆನ್ನಿನಲ್ಲೂ ಅಲ್ಲಿ ಸ್ವಲ್ಪ ಉಬ್ಬು. ಇದೇನು?

ದೇರಾದಿಂದ ವಾಪಸ್

ಅಯ್ಯೋ, ಹಳೇ ಆಟ! ಅರಬ್ಬಿ-ಫಾರ್ಸಿಯಲ್ಲಿ ಮೂರರ ಅಂಕಿಗೆ ಮೇಲೆ ಹಲ್ಲು ಜಾಸ್ತಿ. ಒಂದು ಹಲ್ಲು ಕಿತ್ತು, ಆ ಜಾಗಕ್ಕೆ ಹಿನ್ನೆಲೆಯ ಬಣ್ಣದ ಗಂಟು ಹಾಕಿದರೆ ಮೂರು ಹೋಗಿ ಎರಡಾಗುತ್ತದೆ. ನಾಲ್ಕು ಗಂಟಿಗೆ ನೂರು ವರ್ಷ. ನಿಮ್ಮದು 1228 ಅಲ್ಲ ಸರ, 1328.

ಅದನ್ನೂ ಎರಡು ರೀತಿ ಓದಬಹುದು. ಚಂದ್ರನ ಲೆಕ್ಕದಲ್ಲಿ 1910. ಆದರೆ ಇರಾನ್ 1925ರಲ್ಲಿ ಸೂರ್ಯನ ಲೆಕ್ಕದ ಪಂಚಾಂಗ ಹಿಡಿಯಿತು. ಅದಕ್ಕೆ ಸುಮ್ನೆ 621 ಕೂಡಿಸಿದರೆ ಸಾಕು. 1949. ನಿಮ್ಮ ಕಿತ್ತಳೆ ಬುಡ ನೋಡಿದರೆ ನನ್ನ ಓಟು 1949ಕ್ಕೆ.

ಬರೀ ಕೆಂಪಿನಲ್ಲಿ ಗಂಟು ಅರ್ಧ ಆಯಿತಲ್ಲ, ಅದು ಜುಫ್ತಿ. ಎರಡು ಹಾಸಿನ ಬದಲು ನಾಲ್ಕು ಹಾಸಿಗೆ ಒಂದೇ ಗಂಟು. ಕೆಲಸ ಬೇಗ, ಉಣ್ಣೆ ಕಮ್ಮಿ, ಬಾಳಿಕೆಯೂ ಕಮ್ಮಿ. ಪೂರ್ವದ ಖುರಾಸಾನ್, ಮಶ್ಹದ್ ಕಡೆಯ ಮಾಲಿನಲ್ಲಿ ನಾನು ಇದನ್ನು ಬಹಳ ನೋಡಿದ್ದೇನೆ. ಇರಾನಿನದೇ ಇರಬಹುದು, ಕೈಗಂಟೇ ಸರಿ. ಆದರೆ ಕಾಶಾನ್ ಅಲ್ಲ, 200 ಅಲ್ಲ, ಮೂರೂವರೆ ಲಕ್ಷದ್ದೂ ಅಲ್ಲ.

ಬೆಟಗೇರಿ ಮಗ್ಗ

ವ್ಯಾಪಾರಿಯನ್ನು ಪೂರ್ತಿ ಬೈಯಬೇಡಿ. ಆ ಅಂಕಿ ತಿದ್ದಿದ್ದು ಅವರಲ್ಲ ಅನಿಸುತ್ತದೆ. ನಾನು ತೋರಿಸಿದಾಗ ಅವರ ಮುಖವೂ ಇಳಿಯಿತು. ಅವರೂ ಎಲ್ಲೋ ಕಥೆಗೆ ದುಡ್ಡು ಕೊಟ್ಟು ತಂದಿದ್ದಾರೆ.

ನನಗೆ ಮಾತ್ರ ಆ ಹೂವಿನ ಜಾಗ ಮರೆಯುತ್ತಿಲ್ಲ. ಎಲೆಯ ತುದಿ ತಿರುಗುವ ಕಡೆ ಒಂದೊಂದೇ ಗಂಟು ಮೆಟ್ಟಿಲಿನ ಹಾಗೆ ಸರಿಸಿಕೊಂಡು ಹೋಗಿದ್ದಾರೆ. ಎಲ್ಲೂ ತಪ್ಪಿಲ್ಲ. ಅದನ್ನು ಹಾಕಿದ ಬೆರಳಿಗೆ ಅಂಕಿ ತಿದ್ದುವವರ ಪರಿಚಯವೇ ಇರಲಿಕ್ಕಿಲ್ಲ.

ಮಾಳಮಡ್ಡಿ ಮನೆ

ಹೌದು ಕಾಕಾ, ಅವರು ಮೆತ್ತಗಾದರು. ನಿಲ್ಲಿ ಎಂದು ಬೆಲೆಯನ್ನು ಒಂದು ಲಕ್ಷ ತೊಂಬತ್ತಕ್ಕೆ ಇಳಿಸಿದರು. ಬೇಡ ಎಂದೆ. ಹೊರಡುವಾಗ ಕಪಾಟಿನ ಕೆಳಗೆ ಸುರುಳಿ ಸುತ್ತಿಟ್ಟ ಇನ್ನೊಂದು ಕಂಡಿತು. 6 ಅಡಿಗೆ 4 ಅಡಿ. ಸವೆದಿದೆ, ಒಂದು ಕಡೆ ಕುಚ್ಚೇ ಇಲ್ಲ, ಅಂಗೈಯಷ್ಟು ಜಾಗದಲ್ಲಿ ಹಳೇ ರಿಪೇರಿ. ಒರಟು ಹೂಗಳು, ಮಕ್ಕಳು ಬಿಡಿಸಿದ ಹಾಗೆ. ‘ಅದು ಬಿಡಿ ಸರ, ಅದಕ್ಕೇನೂ ಕಥೆ ಇಲ್ಲ’ ಎಂದರು!

55,000 ಹೇಳಿದರು. ಬೆನ್ನಿನ ಫೋಟೋ ಹಾಕಿದ್ದೇನೆ. ಅಕ್ಕಿಹಿಟ್ಟು ಚೆಲ್ಲಿದಂತೆ ಉದ್ದಕ್ಕೂ ಬಿಳಿ ಚುಕ್ಕಿ. ಇದೇನಾದರೂ ದೋಷವೇ?

ದೇರಾದಿಂದ ವಾಪಸ್

ದೋಷ ಅಲ್ಲ ಸರ, ಅದೇ ಅದರ ಆಧಾರ್ ಕಾರ್ಡು. ಇರಾನಿನ ಹಮದಾನ್ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಒಂದು ಸಾಲು ಗಂಟಿಗೆ ಒಂದೇ ಹೊಕ್ಕು ಹಾಯಿಸುತ್ತಾರೆ. ಬೇರೆ ಕಡೆ ಸಾಮಾನ್ಯವಾಗಿ ಎರಡು. ಒಂದೇ ಹೊಕ್ಕು ಆದಾಗ ಹಾಸಿನ ಬಿಳಿ ಹತ್ತಿ ಒಂದು ಬಿಟ್ಟು ಒಂದು ಬೆನ್ನಿನಲ್ಲಿ ಇಣುಕುತ್ತದೆ. ಕಥೆ ಇಲ್ಲ ಅಂದರಲ್ಲ, ಅದಕ್ಕೇ ಅದನ್ನು ಯಾರೂ ತಿದ್ದಿಲ್ಲ.

ಹಳ್ಳಿಯವರು ಮನೆಯ ಮಗ್ಗದಲ್ಲಿ ನೇಯುವ ಮಾಲು. ಇಂಚಿಗೆ ಗಂಟು ಕಮ್ಮಿ ಇರುತ್ತವೆ. ಗಂಟಿನ ಲೆಕ್ಕ ಹಿಡಿದು ಇದನ್ನು ತೂಗಬೇಡಿ. ದೊಡ್ಡ ಊರಿನ ಕಾರ್ಖಾನೆ ಮಾಲಿಗೆ ಆ ಲೆಕ್ಕ ಸರಿ. ಇಲ್ಲಿ ಉಣ್ಣೆ, ಬಣ್ಣ, ಬಡಿದ ಬಿಗಿ ನೋಡಬೇಕು.

ರಿಪೇರಿಗೂ ಹಿಂಜರಿಯಬೇಡಿ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇರಾನಿನ ಅರ್ದಬೀಲ್ ಗಾಲೀಚಾ ಇದೆ. 1539-40ರದು. 10 ಮೀಟರ್ ದಾಟಿದ ಉದ್ದ. ಜೋಡಿಯಾಗಿ ನೇಯ್ದದ್ದು. ಸವೆದಿದ್ದ ಒಂದನ್ನು ಸರಿಮಾಡಲು ಇನ್ನೊಂದರಿಂದ ತುಂಡು ಕತ್ತರಿಸಿ ಹೊಲಿದರು. ಆ ತೇಪೆ ಹಾಕಿದ್ದನ್ನೇ 1893ರಲ್ಲಿ ಮ್ಯೂಸಿಯಂ 2,000 ಪೌಂಡು ಕೊಟ್ಟು ತಗೊಂಡಿತು. ಈಗ ಬಣ್ಣ ಮಾಸಬಾರದು ಎಂದು ಅರ್ಧ ಗಂಟೆಗೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ಅಂಥದ್ದಕ್ಕೇ ತೇಪೆ ಇರುವಾಗ ನಿಮ್ಮದರ ಅಂಗೈ ರಿಪೇರಿ ಯಾವ ಲೆಕ್ಕ?

ವಯಸ್ಸು ಅಂದಾಜು 60-80 ವರ್ಷ. ಆಂಟಿಕ್ ಅಲ್ಲ. ಆಂಟಿಕ್ ಎನ್ನುವವರಿಗೆ ದುಡ್ಡು ಕೊಡಬೇಡಿ. ಬೆಲೆ 40 ಸಾವಿರದ ಒಳಗೆ ಬಂದರೆ ಬಿಡಬೇಡಿ.

ವಿದ್ಯಾನಗರ ಎರಡನೇ ಕ್ರಾಸ್

ನುಸಿ ನೋಡಿದಿರಾ ಸರ? ನಮ್ಮ ಅತ್ತೆಯ ಶಾಲುಗಳೆಲ್ಲ ಹಾಗೇ ಹೋದವು.

ಮಾಳಮಡ್ಡಿ ಮನೆ

ನೋಡಿದೆ. ಬೆನ್ನಿನ ಕಡೆ, ಕಪಾಟಿಗೆ ತಾಗಿದ್ದ ಭಾಗದಲ್ಲಿ ಬಿಳಿ ಬಲೆಯಂಥದ್ದು ಸ್ವಲ್ಪ ಇದೆ. ಮರಳಿನಂಥ ಹಿಕ್ಕೆ. ಹುಳು ಕಾಣಲಿಲ್ಲ. ಅಂದಹಾಗೆ 36,000ಕ್ಕೆ ಮುಗಿಸಿ ಮನೆಗೆ ತಂದಾಯಿತು. ಬಿಲ್ಲಿನಲ್ಲಿ ‘ಕೈಗಂಟು, ಉಣ್ಣೆ, ಹತ್ತಿ ಹಾಸು, ಹಳೆಯದು’ ಎಂದಷ್ಟೇ ಬರೆಸಿದ್ದೇನೆ. ಈಗ ನುಸಿಗೆ ಏನು ಮಾಡಲಿ? ಹೊರಗೆ ಮಳೆ ಬಿಡುತ್ತಿಲ್ಲ.

ಲೈನ್ ಬಜಾರ್ ಪೇಡೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇವೆಯಲ್ಲ. ಒಂದು ವಾರ ಇಟ್ಟು ತನ್ನಿ. ಹುಳು ಥಂಡಿಗೆ ಸಾಯಲಿಲ್ಲ ಅಂದರೆ ಘಾಟಿಗೆ ಸಾಯುತ್ತವೆ.

ಬಣ್ಣದ ಪಾತ್ರೆ

ಪೇಡೆ ಅವರೇ, ನಿಮ್ಮ ಐಡಿಯಾ ಅರ್ಧ ಸರಿ! ಚಳಿಗೆ ನುಸಿ ಸಾಯುತ್ತದೆ. ಆದರೆ ಮೆಣಸಿನಕಾಯಿ ಇಡುವ ಕಡೆ ತಂಪು ಇರುತ್ತದೆ, ಹೆಪ್ಪುಗಟ್ಟುವ ಚಳಿ ಅಲ್ಲ. ಆ ತಂಪಿಗೆ ಹುಳು ಮಲಗಿ, ಮನೆಗೆ ಬಂದ ಮೇಲೆ ಎದ್ದು ಕೂರುತ್ತದೆ. ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್ ಬೇಕು. ಪ್ಲಾಸ್ಟಿಕ್‌ನಲ್ಲಿ ಗಾಳಿ ಇಲ್ಲದ ಹಾಗೆ ಸುತ್ತಿ ಎರಡು ವಾರ. 6 ಅಡಿಯದು ಸುರುಳಿ ಸುತ್ತಿದರೆ 4 ಅಡಿ ಉದ್ದ, ದೊಡ್ಡ ಐಸ್‌ಕ್ರೀಂ ಫ್ರೀಜರಿಗೆ ಹಿಡಿಯಬಹುದು. ಹೊರತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬೇಡಿ, ತೇವ ಕೂರುತ್ತದೆ.

ಅದು ಆಗದಿದ್ದರೆ ವ್ಯಾಕ್ಯೂಮ್. ಬೆನ್ನಿಗೆ ಮೊದಲು, ಆಮೇಲೆ ಮುಖಕ್ಕೆ. ಕುಚ್ಚಿಗೆ ಹಿಡಿಯಬೇಡಿ. ವಾರಕ್ಕೆ ಎರಡು ಸಲ, ಎರಡು ತಿಂಗಳು. ನುಸಿಗೆ ಬೇಕಾದದ್ದು ಕತ್ತಲೆ, ಧೂಳು, ಯಾರೂ ಮುಟ್ಟದ ಜಾಗ. ಸೋಫಾ ಕೆಳಗಿನ ಭಾಗವೇ ಮೊದಲು ಹೋಗುತ್ತದೆ. ಬೇವಿನ ಎಲೆ, ಕರ್ಪೂರ ಹೊಸದಾಗಿ ಬರುವವುಗಳನ್ನು ಸ್ವಲ್ಪ ದೂರ ಇಡಬಹುದು. ಒಳಗಿರುವ ಮರಿಗಳಿಗೆ ಅವು ಲೆಕ್ಕಕ್ಕಿಲ್ಲ.

ಮನೆಯಲ್ಲಿ ನೀರು ಹಾಕಿ ತೊಳೆಯಬೇಡಿ. ಧಾರವಾಡದ ಈ ಮಳೆಯಲ್ಲಿ ಹತ್ತಿಯ ಹಾಸು ವಾರ ಆದರೂ ಒಣಗುವುದಿಲ್ಲ. ಆಮೇಲೆ ಕಾಕಾ ಕಿವಿ ಹತ್ತಿರ ಹಿಡಿದಾಗ ಚಟ್ ಅನ್ನುತ್ತದೆ.

ರಾಣೆಬೆನ್ನೂರು ಕುರಿ

ಮಡಚಬೇಡಿ. ಇಡುವಾಗ ಸುರುಳಿ ಸುತ್ತಿ. ಶಹಾಬಾದ್ ಕಲ್ಲಿನ ಮೇಲೆ ನೇರ ಹಾಸಿದರೆ ತೇವ ಹಿಡಿಯುತ್ತದೆ, ಜಾರುತ್ತದೆ ಕೂಡ. ಕೆಳಗೆ ದಪ್ಪ ಉಣ್ಣೆಯದೇ ಏನಾದರೂ ಬೇಕು. ನನ್ನ ಹತ್ತಿರ ಹಳೇ ಕಂಬಳಿ ಇದೆ, ಆರಡಿ. ಕಳಿಸಲೇ? ದುಡ್ಡು ಬೇಡ.

ಮಾಳಮಡ್ಡಿ ಮನೆ

ಕಳಿಸಿರಿ ಅಣ್ಣಾ. ದುಡ್ಡಿನ ಬದಲು ಪೇಡೆ ಕಳಿಸುತ್ತೇನೆ.

ಬೆಟಗೇರಿ ಮಗ್ಗ

ಕುಚ್ಚು ಹೋದ ಕಡೆ ಗಂಟು ಒಂದೊಂದೇ ಬಿಚ್ಚುತ್ತಿವೆ, ಅವತ್ತೇ ನೋಡಿದೆ. ಮುಂದಿನ ವಾರ ದಪ್ಪ ಹತ್ತಿ ನೂಲು ತಂದು ಕೊನೆಯ ಸಾಲನ್ನು ಹೊಲಿದು ನಿಲ್ಲಿಸುತ್ತೇನೆ. ಹೊಸ ಕುಚ್ಚು ಹಾಕುವುದಿಲ್ಲ. ಇರುವುದು ಇದ್ದ ಹಾಗೆ ಇರಲಿ.

ಇದನ್ನು ನೋಡಿದ ಮೇಲೆ ವಿಜಯಪುರಕ್ಕೆ ಹೋಗಬೇಕು ಅನಿಸಿದೆ. ಗೋಳಗುಮ್ಮಟದ ಮ್ಯೂಸಿಯಂನಲ್ಲಿ ಆಸರ್ ಮಹಲಿನಿಂದ ಬಂದ ಹಳೇ ಗಾಲೀಚಾಗಳಿವೆ. ಹಿಂದೆ ಶಾಲಾ ಪ್ರವಾಸದಲ್ಲಿ ನೋಡಿದ್ದೆ. ಆಗ ಮುಖ ಮಾತ್ರ ನೋಡಿದ್ದೆ. ಈಗ ಬೆನ್ನು ನೋಡಬೇಕು ಅನಿಸುತ್ತದೆ. ಬಿಡುತ್ತಾರೋ ಇಲ್ಲವೋ.

ದೇರಾದಿಂದ ವಾಪಸ್

ನಾನೂ ಬರ್ತೀನಿ ಕಾಕಾ.

ಸರ, ಒಂದು ಮಾತು ಹೇಳೋದು ಮರೆತೆ. ಫಾರ್ಸಿಯಲ್ಲಿ ದೊಡ್ಡದಕ್ಕೆ ‘ಕಾಲೀ’ ಅಂತಾರೆ. ಚಿಕ್ಕದು ಅನ್ನೋಕೆ ‘ಚೆ’ ಸೇರಿಸಿ ‘ಕಾಲೀಚೆ’. ನಮ್ಮ ಗಾಲೀಚಾ ಅಲ್ಲಿಂದಲೇ ಬಂದದ್ದು. ಆ 9 ಅಡಿಯದು ಲೆಕ್ಕದ ಪ್ರಕಾರ ಗಾಲೀಚಾನೇ ಅಲ್ಲ. ನೀವು ತಂದದ್ದು ಗಾಲೀಚಾ.

ಮಾಳಮಡ್ಡಿ ಮನೆ

ಇದನ್ನು ಮನೆಯಾಕೆಗೆ ಓದಿ ಹೇಳಿದೆ. ‘ಚಿಕ್ಕದು ತಂದದ್ದಕ್ಕೆ ಒಳ್ಳೆ ಕಾರಣ ಸಿಕ್ಕಿತು’ ಎಂದಳು.

ಐಸ್‌ಕ್ರೀಂ ಅಂಗಡಿಯ ಗೆಳೆಯನೊಬ್ಬ ಫ್ರೀಜರ್ ಕೊಟ್ಟ. ಎರಡು ವಾರ ಮುಗಿಸಿ ಮೊನ್ನೆ ತಂದು ಹಾಸಿದ್ದೇನೆ. ಕೆಳಗೆ ರಾಣೆಬೆನ್ನೂರಿನ ಕಂಬಳಿ, ಮೇಲೆ ಹಮದಾನ್, ಪಕ್ಕದಲ್ಲಿ ಮದುವೆಯ ಜಮಖಾನೆ. ನಿನ್ನೆ ಮಧ್ಯಾಹ್ನ ಎದ್ದು ಬಂದು ನೋಡಿದರೆ ಜಮಖಾನೆ ಸಾಕು ಎಂದವಳು ಗಾಲೀಚಾದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸಿಪ್ಪೆ ಮಾತ್ರ ಪೇಪರಿನ ಮೇಲೆ.

ಭಾನುವಾರ ಎಲ್ಲರೂ ಚಹಾಕ್ಕೆ ಬನ್ನಿ.

ಲೈನ್ ಬಜಾರ್ ಪೇಡೆ

ಬರ್ತೀನಿ ಸರ. ಪೇಡೆ ತರಲೋ ಬೇಡವೋ? ಸಕ್ಕರೆ ಉದುರುತ್ತೆ.

ಮಾಳಮಡ್ಡಿ ಮನೆ

ತನ್ನಿ. ತಟ್ಟೆ ಕೊಡ್ತೀವಿ.